ಹಾಸ್ಟೆಲ್ ಸೀಟು ಸಿಗದವರ ಪಾಡು: ವಾರಾನ್ನದಿಂದ ವಿದ್ಯಾಸಿರಿಯವರೆಗೆ

ಡಿಗ್ರಿ ಪ್ರವೇಶ ಶುರುವಾಯಿತೆಂದರೆ ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಕೆಟಿಜೆ ನಗರದ ಕಡೆ ರೂಮ್ ಹುಡುಕುವವರ ಓಡಾಟವೂ ಶುರು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆ ಕಡೆಯ ಮಕ್ಕಳು ಇವರು. ಒಂದು ಕೋಣೆಗೆ ಮೂರ್ನಾಲ್ಕು ಜನ ಸೇರುತ್ತಾರೆ. ಊರಿನಿಂದ ಬಂದ ಅಕ್ಕಿ, ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ವಾರ ಕಳೆಯುತ್ತದೆ. ಬೆಳಗ್ಗೆ ಪೇಪರ್ ಹಾಕುವುದು, ಸಂಜೆ ಮೆಡಿಕಲ್ ಶಾಪಿನಲ್ಲಿ ನಿಲ್ಲುವುದು, ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪಗಳಲ್ಲಿ ಊಟ ಬಡಿಸುವುದು, ಇವುಗಳಿಂದ ಬಾಡಿಗೆ ಹೊಂದಿಸಿಕೊಳ್ಳುತ್ತಾರೆ.

ಓದಲು ಊರು ಬಿಟ್ಟು ಬಂದ ಬಡ ಮಕ್ಕಳಿಗೆ ನೆರವಾಗುವ ಪರಂಪರೆ ನಮ್ಮಲ್ಲಿ ದೊಡ್ಡದು. ಆದರೂ ರೂಮ್ ಮಾಡಿಕೊಂಡು ಓದುವವರು ಆ ನೆರವಿನ ಅಂಚಿನಲ್ಲೇ ಉಳಿದಿದ್ದಾರೆ. ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲಿಗೆ ಇದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ಓದು ಸಾಗುತ್ತಿತ್ತು. ಆದರೆ ಆ ಬಾಗಿಲುಗಳು ಜಾತಿ ನೋಡಿ ತೆರೆಯುತ್ತಿದ್ದವು. ಪೇಟೆಯಲ್ಲಿ ತನ್ನವರ ಒಂದೂ ಅನುಕೂಲಸ್ಥ ಮನೆ ಇಲ್ಲದ ಹುಡುಗನಿಗೆ ವಾರವೇ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬರಲೇ ಇಲ್ಲ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರ ಶಿಕ್ಷಣ ಮತ್ತು ಉದ್ಯೋಗದ ಪ್ರಶ್ನೆಯನ್ನು ಮುಂದಕ್ಕೆ ತಂದಿತು. ಅದೇ ಕಾಲಘಟ್ಟದಲ್ಲಿ ಸಮುದಾಯಗಳ ಹಾಸ್ಟೆಲ್‌ಗಳು, ಮಠಗಳ ಪ್ರಸಾದ ನಿಲಯಗಳು ಬೆಳೆದವು. ಚಿತ್ರದುರ್ಗದ ಮುರುಘಾ ಮಠದ ಜಯದೇವ ಸ್ವಾಮೀಜಿ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಸಿರಿಗೆರೆಯ ತರಳಬಾಳು ಮಠ ಹಳ್ಳಿ ಮಕ್ಕಳಿಗೆ ಶಾಲೆ, ವಸತಿ ಎರಡನ್ನೂ ಕಟ್ಟಿತು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಆ ಋಣ ಸಣ್ಣದಲ್ಲ. ಆದರೆ ನೆರವು ಅಂದರೆ ಹಾಸ್ಟೆಲ್, ಹಾಸ್ಟೆಲ್ ಅಂದರೆ ಇಷ್ಟೇ ಹಾಸಿಗೆ ಎಂಬ ಲೆಕ್ಕ ಗಟ್ಟಿಯಾದದ್ದೂ ಆಗಲೇ. ಹಾವನೂರು ಆಯೋಗದ 1975ರ ವರದಿಯ ನಂತರ, ದೇವರಾಜ ಅರಸರ ಆಡಳಿತದಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು. ಇಂದು ಎಲ್ಲರೂ ಬಿಸಿಎಂ ಹಾಸ್ಟೆಲ್ ಎನ್ನುವ ವ್ಯವಸ್ಥೆ ಬೆಳೆದದ್ದು ಆ ದಾರಿಯಲ್ಲಿ. ಅಲ್ಲಿಯೂ ಲೆಕ್ಕ ಹಾಸಿಗೆಯದೇ.

ಅಷ್ಟರಲ್ಲಿ ದಾವಣಗೆರೆ ಬೇರೆಯೇ ಊರಾಗುತ್ತಿತ್ತು. 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಬಂದವು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರಿನ ಹತ್ತಿ ಗಿರಣಿಗಳು ಒಂದೊಂದೇ ಮುಚ್ಚಿದವು, ಕಾಲೇಜುಗಳು ಹೆಚ್ಚಿದವು. 2009ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಸೀಟುಗಳು ಬೆಳೆದ ವೇಗದಲ್ಲಿ ಉಚಿತ ಹಾಸ್ಟೆಲ್ ಬೆಳೆಯಲಿಲ್ಲ. ಉಳಿದವರು ರೂಮ್ ಹಿಡಿದರು.

ನೇರವಾಗಿ ವಿದ್ಯಾರ್ಥಿಗೇ ಹಣ ಕೊಡುವ ದಾರಿ 1944ರಷ್ಟು ಹಳೆಯದು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು ಆಗ. ಆದರೆ ಇಲ್ಲೂ ಮಕ್ಕಳನ್ನು ಎರಡು ಪಾಲು ಮಾಡಿದರು: ಹಾಸ್ಟೆಲ್‌ನವರು, ಡೇ ಸ್ಕಾಲರ್‌ಗಳು. 2010ರ ದರದಲ್ಲಿ ಬಿಎ, ಬಿಕಾಂನಂಥ ಪದವಿ ಓದುವ ಹಾಸ್ಟೆಲ್ ವಿದ್ಯಾರ್ಥಿಗೆ ನಿರ್ವಹಣಾ ಭತ್ಯೆ ತಿಂಗಳಿಗೆ 570 ರೂಪಾಯಿ, ಡೇ ಸ್ಕಾಲರ್‌ಗೆ 300. ಡೇ ಸ್ಕಾಲರ್ ಅಂದರೆ ಅಪ್ಪ ಅಮ್ಮನ ಮನೆಯಲ್ಲಿ ಉಂಡು ಬರುವವನು ಎಂಬ ಊಹೆ ಇದರ ಹಿಂದೆ ಇದೆ. ಬಾಡಿಗೆ ಕಟ್ಟುವ ಹುಡುಗನನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ.

ಆ ನಿಯಮಾವಳಿಯಲ್ಲೇ ಒಂದು ಒಳ್ಳೆಯ ಅಂಶವಿತ್ತು. ಕಾಲೇಜು ಹಾಸ್ಟೆಲ್‌ನಲ್ಲಿ ಜಾಗವಿಲ್ಲದಿದ್ದರೆ ಕನಿಷ್ಠ ಐದು ವಿದ್ಯಾರ್ಥಿಗಳು ಕೂಡಿ ಬಾಡಿಗೆಗೆ ಹಿಡಿದು, ಸಾಮಾನ್ಯವಾಗಿ ಒಟ್ಟಿಗೇ ಅಡುಗೆ ಮಾಡಿಕೊಂಡು ಇರುವ ಮನೆಯನ್ನು ಪ್ರಾಂಶುಪಾಲರು ಪರಿಶೀಲಿಸಿ ಹಾಸ್ಟೆಲ್ ಎಂದೇ ಪರಿಗಣಿಸಬಹುದಿತ್ತು. ರೂಮ್ ಹುಡುಗರ ಬದುಕನ್ನು ಇದ್ದಂತೆಯೇ ಕಂಡ ಅಪರೂಪದ ಸಾಲು ಅದು. ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಇರಬೇಕಾಗಿದ್ದ ಮಾತು.

2021ರಲ್ಲಿ ದರ ಬದಲಾಯಿತು. ಸಾಮಾನ್ಯ ಪದವಿಗೆ ವರ್ಷಕ್ಕೆ ಹಾಸ್ಟೆಲ್‌ನವರಿಗೆ 6,000, ಡೇ ಸ್ಕಾಲರ್‌ಗೆ 3,000. ಅಂತರ ಹಾಗೇ ಉಳಿಯಿತು.

ಕರ್ನಾಟಕದ ಮಟ್ಟಿಗೆ ನಿಜವಾದ ತಿರುವು 2013-14ರ ವಿದ್ಯಾಸಿರಿ. ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆಂದು ಶುರುವಿನ ದರದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಕಟ್ಟಡ ಬಿಟ್ಟು ವಿದ್ಯಾರ್ಥಿಯ ಕೈಗೇ ನೆರವು ಬಂದದ್ದನ್ನು ಮನಸಾರೆ ಮೆಚ್ಚಬೇಕು. ದಿನಕ್ಕೆ ಲೆಕ್ಕ ಹಾಕಿದರೆ ಅದು 50 ರೂಪಾಯಿ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನ ದರದಲ್ಲಿ ತಿಂಡಿ 5, ಎರಡು ಊಟ 20. ಹೊಟ್ಟೆಗೆ ಹೋಗಿ ಉಳಿಯುವುದು ತಿಂಗಳಿಗೆ 750. ಅದರಲ್ಲಿ ಬಾಡಿಗೆ, ಕರೆಂಟ್ ಬಿಲ್, ಗ್ಯಾಸ್, ಪುಸ್ತಕ, ಊರಿಗೆ ಹೋಗಿ ಬರುವ ಖರ್ಚು. ಮೇಲಾಗಿ ನೆರವು ಹತ್ತು ತಿಂಗಳಿಗೆ, ಬಾಡಿಗೆ ಹನ್ನೆರಡು ತಿಂಗಳಿಗೆ. ಓನರ್ ಒಂದನೇ ತಾರೀಕಿಗೆ ಬಾಗಿಲು ತಟ್ಟುತ್ತಾರೆ, ರೂಮ್ ಸೇರುವಾಗಲೇ ಅಡ್ವಾನ್ಸ್ ಕೇಳುತ್ತಾರೆ. ಸ್ಕಾಲರ್‌ಶಿಪ್ ಹಣ ಪರೀಕ್ಷೆ ಮುಗಿಯುವ ಹೊತ್ತಿಗೆ ಬಂದರೆ ಅದು ಸಾಲ ತೀರಿಸಲಷ್ಟೇ ಆಗುತ್ತದೆ. ನನ್ನ ಪ್ರಕಾರ ಮೊತ್ತಕ್ಕಿಂತ ಮೊದಲು ಸರಿಯಾಗಬೇಕಾದದ್ದು ಈ ಸಮಯ. ಜೂನ್‌ನಲ್ಲಿ ಸಿಗುವ ಮೂರು ಸಾವಿರ ಒಬ್ಬನನ್ನು ಕಾಲೇಜಿನಲ್ಲಿ ಉಳಿಸಬಲ್ಲದು.

2021ರ ರೈತ ವಿದ್ಯಾನಿಧಿ ಪದವಿ ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಎಂದು ಗೊತ್ತುಮಾಡಿತು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ಉಳಿಯಿತು. ಪಿಜಿಯ, ಅಂದರೆ ಪೇಯಿಂಗ್ ಗೆಸ್ಟ್ ವಸತಿಯ, ಹಣ ಹೊಂದಿಸಲಾಗದ ಮನೆಗಳಿಗೆ ಮಗಳನ್ನು ದಿನಾ ಊರಿನಿಂದಲೇ ಕಳಿಸುವ ದಾರಿ ತೆರೆಯಿತು. ಆದರೆ ಬಸ್ಸಿನಲ್ಲಿ ಕಳೆಯುವ ಹೊತ್ತು ಓದಿನ ಹೊತ್ತಿನಿಂದಲೇ ಹೋಗುತ್ತದೆ, ಲ್ಯಾಬ್ ಇರುವ ದಿನವಂತೂ ಇನ್ನೂ ಕಷ್ಟ.

ಈ ಎಲ್ಲಕ್ಕೂ ಕಾಗದಪತ್ರ ಬೇಕು. ತಂದೆ ತಾಯಿ ಇಲ್ಲದವರಿಗೆ, ಮನೆಯಿಂದ ದೂರವಾದವರಿಗೆ ಕುಟುಂಬದ ಆದಾಯ ಪ್ರಮಾಣಪತ್ರ ತರುವುದೇ ದೊಡ್ಡ ಕೆಲಸ. ಯಾವ ಯೋಜನೆಯೂ ಇವರನ್ನು ಬೇರೆಯಾಗಿ ಎಣಿಸಿದ್ದು ನಾನು ಕಂಡಿಲ್ಲ.

ಈ ವರ್ಷ ರೂಮ್ ಹಿಡಿಯುವವರು ಒಂದೆರಡು ಕೆಲಸ ಮೊದಲೇ ಮುಗಿಸಿಕೊಳ್ಳಿ. ಸೀಟು ಸಿಗುವ ಆಸೆ ಇಲ್ಲದಿದ್ದರೂ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಯಾಕೆಂದರೆ ವಿದ್ಯಾಸಿರಿಯ ದಾರಿ ಅದರ ಮೂಲಕವೇ ಹೋಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ, ಆಗಿದೆಯೇ ಎಂದು ಬ್ಯಾಂಕಿಗೇ ಹೋಗಿ ಕೇಳಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಊರಿನ ನಾಡಕಚೇರಿಗೆ ಹೋಗಿ ಬರಬೇಕಿದ್ದರೆ ಕಾಲೇಜು ಶುರುವಾಗುವ ಮುಂಚೆ ಹೋಗಿ ಬನ್ನಿ. ಗ್ಯಾಸ್ ಬೇಕಿದ್ದರೆ ವಿಳಾಸದ ದಾಖಲೆ ಕೇಳದ ಐದು ಕಿಲೋ ಸಿಲಿಂಡರ್ ಸಿಗುತ್ತದೆ.