ಇಂಬಲು: ಮೊದಲು ಬಾಯಿ ಬಿಡುವವನು ಹುಡುಗನೇ

ಮಾನವಶಾಸ್ತ್ರದ ಉತ್ತರಪತ್ರಿಕೆ ತಿದ್ದುವಾಗ ನನ್ನ ಸಹನೆ ಕೆಡಿಸುವ ಸಾಲೊಂದಿದೆ: ‘ಉಗಾಂಡದ ಬಗಿಸು ಜನ ಮಕ್ಕಳನ್ನು ಹಿಡಿದು ಬಲವಂತವಾಗಿ ಸುನ್ನತಿ ಮಾಡಿಸುತ್ತಾರೆ.’ ಎಲ್ಗಾನ್ ಬೆಟ್ಟದ ಇಳಿಜಾರು, ಎಂಬಾಲೆ ಪಟ್ಟಣ, ಹುಡುಗನನ್ನು ಗಂಡಸಾಗಿಸುವ ‘ಇಂಬಲು’ ಎಂಬ ಸುನ್ನತಿ ಆಚರಣೆ ನಡೆಯುವ ಸಮಸಂಖ್ಯೆಯ ವರ್ಷಗಳು, ಆಗಸ್ಟ್‌ನಲ್ಲಿ ಮುಟೊಟೊ ಮೈದಾನದಲ್ಲಿ ಅದರ ಉದ್ಘಾಟನೆ, ಎಲ್ಲವನ್ನೂ ಸರಿಯಾಗಿ ಬರೆದವರು ಕೂಡ ಇಲ್ಲಿಗೆ ಬಂದು ಎಡವುತ್ತಾರೆ.

ಇಂಬಲುವಿಗೆ ನಿಲ್ಲುವವರು ಎಳೆ ಮಕ್ಕಳಲ್ಲ. ಹೆಚ್ಚಿನವರು ಹದಿಹರೆಯದ ಕೊನೆಯಲ್ಲಿರುತ್ತಾರೆ, ಇಪ್ಪತ್ತು ದಾಟಿದವರೂ ಇರುತ್ತಾರೆ. ‘ಈ ಸಲ ನಾನು ನಿಲ್ಲುತ್ತೇನೆ’ ಎಂದು ಮೊದಲು ಹೇಳಬೇಕಾದವನು ಹುಡುಗನೇ. ಹೇಳಿದ ಮೇಲೆ ತೊಡೆಗೆ ಗಂಟೆ ಕಟ್ಟಿ, ಮಣಿಸರ ತೊಟ್ಟು, ಕುಣಿಯುತ್ತ ನೆಂಟರಿಷ್ಟರ ಮನೆಗಳಿಗೆಲ್ಲ ಹೋಗುತ್ತಾನೆ. ಅವರು ಕೊಡುವ ಉಡುಗೊರೆಯನ್ನಷ್ಟೇ ನಮ್ಮವರು ಬರೆಯುತ್ತಾರೆ. ಆದರೆ ಒಂದೊಂದು ಮನೆಯಂಗಳದಲ್ಲಿ ಕುಣಿದಾಗಲೂ ಅವನು ಹೊಸ ಸಾಕ್ಷಿಗಳ ಮುಂದೆ ಮಾತು ಕೊಡುತ್ತಿದ್ದಾನೆ, ಹಿಂದೆ ಸರಿಯುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಿದ್ದಾನೆ. ಕೊನೆಯ ದಿನಗಳಲ್ಲಿ ರಾಗಿ ಮದ್ಯಕ್ಕೆ ಹಾಕುವ ಹುದುಗನ್ನು ಅವನ ಮೈಗೆ ಬಳಿಯುತ್ತಾರೆ. ಆಮೇಲೆ ಅಂಗಳದ ನಡುವೆ, ಹೆಗಲ ಮೇಲೆ ಅಡ್ಡ ಇಟ್ಟ ಕೋಲು ಹಿಡಿದು ನೆಟ್ಟಗೆ ನಿಲ್ಲುತ್ತಾನೆ. ಅರಿವಳಿಕೆ ಇಲ್ಲ. ಅವನನ್ನು ಯಾರೂ ಹಿಡಿದುಕೊಳ್ಳುವುದಿಲ್ಲ. ನೆರೆದವರು ನೋಡುವುದು ಅವನ ಮುಖವನ್ನು. ರೆಪ್ಪೆ ಅದುರಿದರೂ ಅವರ ಕಣ್ಣು ತಪ್ಪದು. ಹಿಡಿದು ಕೊಯ್ದರೆ ಇದರಲ್ಲಿ ಯಾವುದಕ್ಕೂ ಅರ್ಥವಿರುವುದಿಲ್ಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಪತ್ರಿಕೆಯಲ್ಲಿ ಅದೇ ಸಾಲು!

ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಆಸ್ಪತ್ರೆಯಲ್ಲಿ ಮಾಡಿಸಿದರೆ ಆಗಲ್ವಾ?” ಹಾಗೆ ಮಾಡಿಸಿಕೊಳ್ಳುವವರೂ ಇದ್ದಾರೆ, ದೇಹಕ್ಕೆ ಅದು ಕ್ಷೇಮ, ಆದರೆ ನೋವೇ ತಿಳಿಯದವನು ಯಾವುದನ್ನು ತಡೆದುಕೊಂಡು ತೋರಿಸುತ್ತಾನೆ ಎಂದೆ. ಹುಡುಗಿ ಬಿಡಲಿಲ್ಲ. “ಹೆದರಿ ತಪ್ಪಿಸಿಕೊಂಡವನ ಗತಿ ಏನು ಸರ್?” ಇಂಥ ವಿದ್ಯಾರ್ಥಿಗಳು ಸಿಕ್ಕಾಗ ಪಾಠ ಮಾಡಿದ್ದು ಸಾರ್ಥಕ ಅನ್ನಿಸುತ್ತದೆ.

ಅವಳ ಪ್ರಶ್ನೆಗೆ ಎಚ್ಚರದಿಂದಲೇ ಉತ್ತರಿಸಬೇಕು. ಸುನ್ನತಿಯಾಗದವನು ವಯಸ್ಸೆಷ್ಟೇ ಆದರೂ ಊರವರ ಕಣ್ಣಿಗೆ ಹುಡುಗನೇ. ತಪ್ಪಿಸಿಕೊಂಡು ತಿರುಗಿದವರನ್ನು ಹಿಡಿದು ಬಲವಂತವಾಗಿ ಮಾಡಿಸಿದ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ನಿರ್ಧಾರ ಹುಡುಗನದು ಎಂದಾಗ ಪೂರ್ತಿ ಸ್ವತಂತ್ರ ನಿರ್ಧಾರ ಎಂದು ನಾನು ಹೇಳುತ್ತಿಲ್ಲ. ಆಚರಣೆ ಅವನಿಂದ ಒಪ್ಪಿಗೆಯನ್ನು ಬಯಸುತ್ತದೆ, ಸುತ್ತಲಿನ ಊರು ಆ ಒಪ್ಪಿಗೆಗಾಗಿ ಒತ್ತುತ್ತದೆ. ಎರಡನ್ನೂ ಬರೆಯಿರಿ.

ಅದೇ ಬೆಟ್ಟದ ಸಬಿನಿ ಜನರಲ್ಲಿದ್ದ ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ಇದರೊಂದಿಗೆ ಬೆರೆಸಬೇಡಿ. ಉಗಾಂಡ 2010ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದೆ. ಪುರುಷರ ಸುನ್ನತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಐವಿ ತಡೆಯ ಒಂದು ಕ್ರಮವಾಗಿ ಶಿಫಾರಸು ಮಾಡಿತು. ಹಾಗೆಂದು ಒಂದೇ ಚಾಕುವನ್ನು ಹಲವರಿಗೆ ಬಳಸುವುದು ಸುರಕ್ಷಿತವಾಗದು; ಒಬ್ಬರಿಗೆ ಒಂದು ಚಾಕು ಎಂಬುದು ಅಲ್ಲಿನ ಆರೋಗ್ಯ ಕಾರ್ಯಕರ್ತರ ಒತ್ತಾಯ.

ಇನ್ನು, ಕೊಯ್ದಲ್ಲಿಗೆ ಉತ್ತರ ಮುಗಿಸಿಬಿಡುತ್ತೀರಿ. ಆಮೇಲೆ ಅವನು ತನ್ನ ಕೈಯಿಂದ ಉಣ್ಣುವಂತಿಲ್ಲ, ಬೇರೆಯವರು ತುತ್ತು ಕೊಡಬೇಕು. ಮೂರನೆಯ ದಿನದ ಹೊತ್ತಿಗೆ ಸುನ್ನತಿ ಮಾಡಿದವನೇ ಬಂದು ಅವನ ಕೈ ತೊಳೆಸಿ, ನೀನೀಗ ಗಂಡಸು ಎಂದು ಸಾರಿ, ದುಡಿದು ಬಾಳುವ ಬುದ್ಧಿ ಹೇಳುತ್ತಾನೆ. ಮುಂದಿನ ಸಲ ಉತ್ತರವನ್ನು ಅಲ್ಲಿಯವರೆಗೆ ಬರೆಯಿರಿ.