ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲವೇ?

ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಬಿಪಿ 150ರ ಮೇಲೇ ನಿಂತಿದೆ ಎಂದಾಗ ಮೊದಲು ಅನುಮಾನಿಸಬೇಕಾದದ್ದು ಮಾತ್ರೆಯನ್ನಲ್ಲ, ಅಳತೆಯನ್ನು. ಹಲವು ಬಿಪಿ ಯಂತ್ರಗಳ ಜೊತೆ ಬರುವ, ತೋಳಿಗೆ ಸುತ್ತುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೂತ್ರ ತಡೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಮಾತಾಡುತ್ತಾ ನೋಡಿಕೊಂಡರೂ ಅಷ್ಟೇ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ. ಬೆನ್ನಿಗೆ ಆಸರೆ ಇಟ್ಟು ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಹೀಗೆ ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85ಕ್ಕಿಂತ ಕಡಿಮೆಯಿದ್ದರೆ, ಆಸ್ಪತ್ರೆಯಲ್ಲಿ ಕಂಡ 150 ಅಲ್ಲಿನ ಗಾಬರಿಯದ್ದಿರಬಹುದು.

ಬಿಪಿಗೆ ಕೊಡುವ ಆಮ್ಲೊಡಿಪಿನ್ ಮಾತ್ರೆ ಪೂರ್ತಿ ಹಿಡಿತಕ್ಕೆ ಬರಲು ಒಂದು ವಾರವಾದರೂ ಬೇಕು. ಮೂರನೇ ದಿನಕ್ಕೇ ‘ಈ ಮಾತ್ರೆ ನನಗೆ ಒಗ್ಗಲಿಲ್ಲ’ ಎನ್ನುವುದು ಅವಸರ. ನಾರ್ಮಲ್ ಬಂತೆಂದು ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ನಾರ್ಮಲ್ ಬಂದಿರುವುದೇ ಮಾತ್ರೆಯಿಂದ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಬಿಪಿ ಮಾತ್ರೆಗಳನ್ನಂತೂ ಏಕಾಏಕಿ ಬಿಡಲೇಬಾರದು, ಹೃದಯಕ್ಕೆ ಅಪಾಯ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಯಾರೂ ಚಮಚ ಹಿಡಿದು ತಿನ್ನುವುದಿಲ್ಲ, ಆದ್ದರಿಂದ ಪ್ಯಾಕೆಟ್ ಲೆಕ್ಕ ಹಾಕಿ. ನಾಲ್ಕು ಜನರ ಮನೆಗೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ ಎಂಟು ಗ್ರಾಂ ದಾಟಿತು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿ ತಿಂಡಿ ಅಂಗಡಿಯಿಂದಲೇ ಬರುವ ಮನೆಯಾದರೆ ಅವು ಈ ಲೆಕ್ಕದಲ್ಲಿಲ್ಲ. ಸೈಂಧವ ಲವಣಕ್ಕೆ ಬದಲಾಯಿಸಿದರೆ ಲಾಭವಿಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು.

ಔಷಧಿ ಚೀಟಿಯಲ್ಲಿ ಕಾಣದ ಕಳ್ಳರೂ ಇದ್ದಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಂದಿಸುತ್ತವೆ. ಕೆಮ್ಮಿಗೆಂದು ದಿನಾ ಕುದಿಸಿ ಕುಡಿಯುವ ಜ್ಯೇಷ್ಠಮಧುವಿನ ಕಷಾಯವೂ ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು. ‘ಇಂಗ್ಲಿಷ್ ಮಾತ್ರೆಯಲ್ಲವಲ್ಲ’ ಎಂದು ಇದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ನೀರಲ್ಲಿ ಬುರುಬುರು ಕರಗುವ ಮಾತ್ರೆಗಳಲ್ಲೂ ಸೋಡಿಯಂ ಇರುತ್ತದೆ.

ತೂಕ ಒಂದು ಕಿಲೋ ಇಳಿದರೆ ಮೇಲಿನ ಅಂಕಿ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ, ಸ್ವಲ್ಪ ಏದುಸಿರು ಬರುವಷ್ಟು ಬಿರುಸು ನಡಿಗೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ಇಳಿಯದಿದ್ದರೆ ಆಗ ಮಾತ್ರೆಯ ವಿಚಾರ. ಆಮ್ಲೊಡಿಪಿನ್ 5 ಮಿ.ಗ್ರಾಂ. ಇದ್ದದ್ದನ್ನು 10 ಮಾಡಿದರೆ ಬಿಪಿ ಇಳಿಯುವುದು ಸ್ವಲ್ಪ, ಪಾದ ಊದುವುದು ಹೆಚ್ಚು. ಆ ಊತ ಮೈಯಲ್ಲಿ ನೀರು ತುಂಬಿ ಬಂದದ್ದಲ್ಲ. ನೀರಿಳಿಸುವ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. 5ರಲ್ಲೇ ನಿಲ್ಲಿಸಿ ಟೆಲ್ಮಿಸಾರ್ಟನ್ 40 ಸೇರಿಸಿದರೆ ಬಿಪಿಯೂ ಇಳಿಯುತ್ತದೆ, ಊತವೂ ಕಡಿಮೆ. ಎರಡೂ ಸೇರಿದ ಒಂದೇ ಮಾತ್ರೆ ಸಿಗುತ್ತದೆ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಕೂಡದು. ಟೆಲ್ಮಿಸಾರ್ಟನ್ ಶುರು ಮಾಡಿದ ಎರಡರಿಂದ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ಅಂಶ), ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ.