ಮುಸ್ಸಂಜೆಗೆ ಕಪ್ಪಾಗುವ ಕಾಫಿ ಹಣ್ಣು

ಜನವರಿಯಲ್ಲಿ, ಕೊಡಗಿನ ಸಿದ್ದಾಪುರದ ಕಡೆ ರೋಬಸ್ಟಾ ಕಾಫಿಯ ಕೊಯ್ಲು ನಡೆಯುವ ದಿನಗಳಲ್ಲಿ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ತೋಟದಲ್ಲಿ ನಿಂತು ನೋಡಬೇಕು. ಮಧ್ಯಾಹ್ನ ಹತ್ತು ಮಾರು ದೂರದಿಂದಲೇ ಕಣ್ಸೆಳೆಯುತ್ತಿದ್ದ ಕೆಂಪು ಗೊಂಚಲು ಈಗ ಹುಡುಕಿದರೂ ಸಿಗುವುದಿಲ್ಲ. ಎಲೆಗಳು ಮಾಸಲಾಗಿಯಾದರೂ ಕಾಣುತ್ತಿರುತ್ತವೆ; ಹಣ್ಣು ಮಾತ್ರ ಮಸಿ ಬಳಿದಷ್ಟು ಕಪ್ಪು. ಕತ್ತಲು ಎಲ್ಲದರ ಮೇಲೂ ಒಂದೇ ಸಮನೆ ಇಳಿಯುತ್ತದೆ. ಹಾಗಿದ್ದರೆ ಹಗಲಲ್ಲಿ ಎಲೆಗಿಂತ ಹೊಳೆದ ಹಣ್ಣು ಸಂಜೆ ಎಲೆಗಿಂತ ಕಪ್ಪಾಗುವುದು ಹೇಗೆ?

ಬೊಹೀಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನೇ ಗಮನಿಸಿ 1825ರಲ್ಲಿ ಬರೆದಿಟ್ಟ. ನಸುಕಿನಲ್ಲಿ ನೀಲಿ ಮೊದಲು ಕಣ್ಣಿಗೆ ಬೀಳುತ್ತದೆ, ಹಗಲಿನ ಉಜ್ವಲ ಕೆಂಪು ಆಗ ಎಲ್ಲಕ್ಕಿಂತ ಕಪ್ಪಾಗಿರುತ್ತದೆ ಎಂದು ಅವನು ಕಂಡುಕೊಂಡಿದ್ದ. ಕಾರಣ ಇರುವುದು ಕಣ್ಣಿನ ಹಿಂಭಾಗದ ತೆಳುಪದರ ಅಕ್ಷಿಪಟಲದಲ್ಲಿ. ಅಲ್ಲಿ ನೋಟಕ್ಕಾಗಿ ಬೆಳಕು ಹಿಡಿಯುವ ಎರಡು ಬಗೆಯ ಕೋಶಗಳಿವೆ. ಹಗಲಿಗೆ ಶಂಕು ಕೋಶಗಳು, ಐವತ್ತು ಅರವತ್ತು ಲಕ್ಷ. ಮಬ್ಬಿಗೆ ದಂಡ ಕೋಶಗಳು, ಹತ್ತು ಕೋಟಿಯ ಆಸುಪಾಸು. ದಂಡ ಕೋಶಗಳು 500 ನ್ಯಾನೋಮೀಟರ್ ತರಂಗಾಂತರದ ಸುತ್ತಮುತ್ತಲಿನ ನೀಲಿಹಸಿರು ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ, 600 ದಾಟಿದ ಕೆಂಪಿಗೆ ಬಹುತೇಕ ಕುರುಡು. ಬೆಳಕು ಇಳಿದಂತೆ ನೋಟದ ಹೊಣೆ ಶಂಕುಗಳ ಕೈಯಿಂದ ದಂಡಗಳ ಕೈಗೆ ಹೋಗುತ್ತದೆ. ಹಣ್ಣು ಆಗಲೂ ಕೆಂಪು ಬೆಳಕನ್ನು ಚೆಲ್ಲುತ್ತಲೇ ಇರುತ್ತದೆ, ಹಿಡಿದುಕೊಳ್ಳುವವರು ಇರುವುದಿಲ್ಲ.

ದಂಡ ಕೋಶಗಳ ಇನ್ನೊಂದು ಗುಣ ಆನೆ ಓಡಾಡುವ ಈ ಊರಿನವರಿಗೆ ತಿಳಿದಿರಲೇಬೇಕು. ನಾವು ನೇರವಾಗಿ ನೋಡುವುದು ಫೋವಿಯಾ ಎಂಬ ಪುಟ್ಟ ಕುಳಿಯಿಂದ. ಅದರ ನಟ್ಟನಡುವೆ ಶಂಕುಗಳು ಕಿಕ್ಕಿರಿದಿವೆ, ದಂಡ ಒಂದೂ ಇಲ್ಲ. ಹಾಗಾಗಿ ಗಾಢವಾದ ಮಬ್ಬಿನಲ್ಲಿ ಗಿಡಗಳ ನಡುವಿನ ಕಪ್ಪು ಆಕಾರವನ್ನು ದಿಟ್ಟಿಸಿದರೆ ಅದು ಕರಗಿಹೋಗುತ್ತದೆ, ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮತ್ತೆ ಮೂಡುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಮೊಬೈಲ್ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರೂ ಆ ಹೊಂದಿಕೆ ಕೆಡುತ್ತದೆ. (ಟಾರ್ಚ್ ಇಲ್ಲದೆ ತೋಟಕ್ಕೆ ಇಳಿಯಿರಿ ಎಂದು ಖಂಡಿತ ಹೇಳುತ್ತಿಲ್ಲ.)

ಆದರೆ ನನ್ನನ್ನು ಹೆಚ್ಚು ಕಾಡುವುದು ಹಗಲಿನ ಕೆಂಪು. ಶಂಕು ಕೋಶಗಳಲ್ಲಿ ಮೂರು ಬಗೆ. ಅವುಗಳ ಸ್ಪಂದನ ಶಿಖರ ಮುಟ್ಟುವುದು ಸುಮಾರು 420, 530 ಮತ್ತು 560 ನ್ಯಾನೋಮೀಟರ್‌ಗಳಲ್ಲಿ. 560 ಎಂದರೆ ಹಳದಿಹಸಿರು! ಕೆಂಪಿಗೆಂದೇ ಮೀಸಲಾದ ಕೋಶ ನಮ್ಮ ಕಣ್ಣಿನಲ್ಲಿಲ್ಲ. ಹಣ್ಣಿನಿಂದ ಬಂದ ಬೆಳಕು 560ರ ಕೋಶವನ್ನು ಹೆಚ್ಚು, 530ರದ್ದನ್ನು ಕಡಿಮೆ ಕೆರಳಿಸುತ್ತದೆ. ಮುಂದಿನ ನರಕೋಶಗಳು ಒಂದರಿಂದ ಇನ್ನೊಂದನ್ನು ಕಳೆಯುತ್ತವೆ. ಆ ವ್ಯತ್ಯಾಸ ಹತ್ತು ಲಕ್ಷದಷ್ಟು ಎಳೆಗಳಿರುವ ದೃಷ್ಟಿನರದಲ್ಲಿ ಸಾಗಿ, ಮಿದುಳಿನ ನಡುಭಾಗದ ಥಲಾಮಸ್ ಹಾದು, ತಲೆಯ ಹಿಂಬದಿಯ ದೃಷ್ಟಿ ತೊಗಟೆಗೆ ಸೇರುತ್ತದೆ. ಮಿದುಳು ಸುತ್ತಲಿನ ಬೆಳಕನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೆರಳು ಮರಗಳಡಿ ಸೋಸಿ ಬರುವ ಹಸಿರು ಬೆಳಕೂ ಕಣದಲ್ಲಿ ಬೀಳುವ ಸುಡುಬಿಸಿಲೂ ಬೇರೆ ಬೇರೆ, ಆದರೂ ಹಣ್ಣು ಎರಡೂ ಕಡೆ ಅದೇ ಕೆಂಪಾಗಿ ಕಾಣುವುದು ಇದರಿಂದಲೇ.

ಈ ಕಳೆಯುವ ಲೆಕ್ಕಕ್ಕೆ ಎರಡು ಕೋಶಗಳೂ ಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತೋಟಕ್ಕೆ ಕೊಯ್ಲಿಗೆ ಬರುತ್ತಿದ್ದ ಒಬ್ಬ ಹುಡುಗನ ಚೀಲದಲ್ಲಿ ಯಾವಾಗಲೂ ಹಸಿ ಕಾಯಿ ಹೆಚ್ಚು. ಸೋಮಾರಿ ಎಂದು ಎಲ್ಲರೂ ಬೈದರು, ನಾನೂ ಬೈದೆ. ಆಮೇಲೆ ಒಂದು ದಿನ ಹಣ್ಣು, ಕಾಯಿ ಎರಡನ್ನೂ ಅವನ ಅಂಗೈಯಲ್ಲಿಟ್ಟು ಯಾವುದು ಕೆಂಪು ಎಂದು ಕೇಳಿದೆ. ಬಹಳ ಹೊತ್ತು ನೋಡಿ ಕಾಯಿಯನ್ನು ತೋರಿಸಿದ. 530 ಮತ್ತು 560ರ ಕೋಶಗಳ ವಂಶವಾಹಿಗಳು ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಸರಿಗೆ ಅದು ಒಂದೇ. ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದಿಲ್ಲ. ಹಾಗಾಗಿ ಕೆಂಪು-ಹಸಿರು ಬೇರೆಯಾಗಿ ಕಾಣದ ಈ ಬಣ್ಣಗುರುಡು ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಅವನ ಕಣ್ಣಿಗೆ ನಮ್ಮ ತೋಟ ಹಗಲಲ್ಲೂ ಹಣ್ಣನ್ನು ಬಚ್ಚಿಟ್ಟುಕೊಂಡಿತ್ತು. ಬೈದಿದ್ದಕ್ಕೆ ಇವತ್ತಿಗೂ ನನಗೆ ಸಂಕಟವಿದೆ.

ಮರುದಿನದಿಂದ ಅವನು ಬೆರಳಿನಿಂದ ಕೊಯ್ಯತೊಡಗಿದ. ಹೆಬ್ಬೆರಳಿನಿಂದ ಅದುಮಿದರೆ ಕಾಯಿ ಗಟ್ಟಿ, ಹಣ್ಣು ಮೆತ್ತಗೆ. ಕೊಂಬೆಯುದ್ದಕ್ಕೂ ಒಂದೊಂದನ್ನೇ ಅದುಮುತ್ತಾ, ಉಳಿದವರಿಗಿಂತ ನಿಧಾನವಾಗಿ ಸಾಗುತ್ತಿದ್ದ. ಆ ವಾರದ ಕೊನೆಗೆ ಅವನ ಚೀಲವನ್ನು ಕಣದಲ್ಲಿ ಸುರಿದಾಗ ಹಸಿರು ಎಲ್ಲೋ ಒಂದೆರಡು ಕಡೆ ಮಾತ್ರ ಕಂಡಿತು.